ಅಂಜದೀವದ ಗುಂಡು, ಹೇಗ್‌ನ ತೀರ್ಪು

ಪ್ರಶ್ನೆ: ಬೈತಖೋಲದಿಂದ ದೋಣಿ ಬಿಟ್ಟರೆ ಅಂಜದೀವ ದ್ವೀಪ ಕಣ್ಣಳತೆಯಲ್ಲೇ ಇದೆ. ಅಲ್ಲಿಂದ ಪೋರ್ಚುಗೀಸರು ನಮ್ಮವರ ಮೇಲೆ ಗುಂಡು ಹಾರಿಸಿದ್ದರೆಂದು ಅಜ್ಜ ಹೇಳುತ್ತಿದ್ದರು. ಆದರೆ 1961ರಲ್ಲಿ ಗೋವಾಕ್ಕೆ ಸೈನ್ಯ ಕಳುಹಿಸಿದ್ದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎನ್ನುತ್ತಾರೆ ನಮ್ಮ ಉಪನ್ಯಾಸಕರು. ಯಾರ ಮಾತು ಸರಿ, ಸರ್?
– ಕಾನೂನು ವಿದ್ಯಾರ್ಥಿ, ಕಾರವಾರ

ಉತ್ತರ: ಅಜ್ಜನ ನೆನಪು ಸರಿಯಾಗಿದೆ. 1961ರ ನವೆಂಬರ್‌ನಲ್ಲಿ ಆ ದ್ವೀಪದಿಂದ ‘ಸಾಬರಮತಿ’ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಮೀನುಗಾರರೊಬ್ಬರು ಜೀವ ಕಳೆದುಕೊಂಡರು. ಡಿಸೆಂಬರ್ 18ರಂದು ‘ತ್ರಿಶೂಲ್’ ಮತ್ತು ‘ಮೈಸೂರು’ ಯುದ್ಧನೌಕೆಗಳ ಬೆಂಬಲದಲ್ಲಿ ದ್ವೀಪಕ್ಕಿಳಿದ ನಮ್ಮ ಏಳು ನಾವಿಕರು ಮಡಿದರು.

ಉಪನ್ಯಾಸಕರ ಮಾತನ್ನೂ ತಳ್ಳಿಹಾಕಲಾರೆ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಪರರಾಷ್ಟ್ರದ ನೆಲದ ಮೇಲೆ ಬಲಪ್ರಯೋಗವನ್ನು ನಿಷೇಧಿಸುತ್ತದೆ. ದೋಣಿಗೆ ಬಿದ್ದ ಗುಂಡನ್ನು ತೋರಿಸಿ, ಇಡೀ ಗೋವಾ ಕಾರ್ಯಾಚರಣೆಯನ್ನು ಆತ್ಮರಕ್ಷಣೆ ಎನ್ನುವುದು ಕಷ್ಟ. ಆದರೆ ಗೋವಾ ಪರರಾಷ್ಟ್ರದ ನೆಲವಾಗಿತ್ತೇ? ಜಗಳವಿದ್ದದ್ದು ಇಲ್ಲಿ. 1951ರಲ್ಲಿ ಪೋರ್ಚುಗಲ್ ಸಂವಿಧಾನ ತಿದ್ದಿ, ತನ್ನ ವಸಾಹತುಗಳನ್ನು ‘ಸಾಗರೋತ್ತರ ಪ್ರಾಂತ್ಯ’ಗಳೆಂದು, ಅಂದರೆ ತನ್ನದೇ ನೆಲದ ಭಾಗಗಳೆಂದು ಕರೆದುಕೊಂಡಿತು.

ಭಾರತದ ನೆಲದಿಂದ ಸುತ್ತುವರಿದಿದ್ದ ದಾದ್ರಾ–ನಗರ ಹವೇಲಿ ಕೈತಪ್ಪಿದಾಗ, ಅಲ್ಲಿಗೆ ಹಾದುಹೋಗುವ ಹಕ್ಕು ಕೇಳಿ ಪೋರ್ಚುಗಲ್ 1955ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಆಧಾರ, ಮರಾಠರ ಜೊತೆಗಿನ 1779ರ ಒಪ್ಪಂದ. ಮರಾಠರು ಕೊಟ್ಟದ್ದು ವರ್ಷಕ್ಕೆ 12,000 ರೂಪಾಯಿ ಉತ್ಪನ್ನದ ‘ಸರಂಜಾಮು’ (ಕಂದಾಯ ಅನುಭವಿಸುವ ಹಕ್ಕು) ಮಾತ್ರ, ಸಾರ್ವಭೌಮತ್ವವಲ್ಲ ಎಂದಿತು ನ್ಯಾಯಾಲಯ. ನಾವು ‘ಸಾಮಾನು ಸರಂಜಾಮು’ ಎನ್ನುವ ಅದೇ ಪದ! ಅದನ್ನು ಆ ತೀರ್ಪಿನಲ್ಲಿ ಮೊದಲ ಸಲ ಕಂಡಾಗ ನನಗೆ ರೋಮಾಂಚನವಾಗಿತ್ತು. ಆದರೂ ಬ್ರಿಟಿಷರು ಮುಂದೆ ಪೋರ್ಚುಗೀಸರ ಒಡೆತನವನ್ನು ಒಪ್ಪಿಕೊಂಡಿದ್ದರಿಂದ, ಜನ ಮತ್ತು ಸರಕು ಹಾದುಹೋಗುವ ಹಕ್ಕನ್ನು 1960ರ ತೀರ್ಪು ಮಾನ್ಯ ಮಾಡಿತು; ಸೈನ್ಯ, ಶಸ್ತ್ರಗಳಿಗೆ ಇಲ್ಲ. ನಮ್ಮ ನೆಲದ ಬಗ್ಗೆ ಒಬ್ಬ ಪರಕೀಯ ಇನ್ನೊಬ್ಬ ಪರಕೀಯನಿಗೆ ಕೊಟ್ಟ ಸಮ್ಮತಿ ಕಾನೂನಾಗಿ ಉಳಿಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅದೇ ವರ್ಷ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ 1514ನೇ ನಿರ್ಣಯದ ಮೂಲಕ ವಸಾಹತುಶಾಹಿ ಕೊನೆಗೊಳ್ಳಬೇಕೆಂದು ಸಾರಿತು. ಪರವಾಗಿ 89 ಮತ, ವಿರೋಧವಾಗಿ ಒಂದೂ ಇಲ್ಲ. ತಟಸ್ಥರಾದ ಒಂಬತ್ತರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಪೋರ್ಚುಗಲ್ ಇದ್ದವು. ವರ್ಷ ಕಳೆದು ಗೋವಾದ ಪ್ರಶ್ನೆ ಭದ್ರತಾ ಮಂಡಳಿಗೆ ಬಂದಾಗ, ಭಾರತ ಸೇನೆ ಹಿಂತೆಗೆಯಬೇಕೆಂಬ ಕರಡು ಮಂಡಿಸಿದವರಲ್ಲಿ ಮೊದಲ ಮೂರೂ ಸೇರಿದ್ದವು. ಪರ ಏಳು, ವಿರೋಧ ನಾಲ್ಕು. ಸೋವಿಯತ್ ವೀಟೊವನ್ನು ಎಲ್ಲರೂ ನೆನೆಯುತ್ತಾರೆ. ನಮ್ಮ ಜೊತೆ ನಿಂತ ಸಿಲೋನ್, ಲೈಬೀರಿಯಾ, ಈಜಿಪ್ಟ್‌ಗಳನ್ನು ಮರೆಯುತ್ತಾರೆ. ವೀಟೊ ಇಲ್ಲದ ಆ ಮೂರು ಮತಗಳೇ ನನಗೆ ಹೆಚ್ಚು ತೂಕದವು.

ಹಾಗೆಂದು ವಸಾಹತಿಗೆ ಯಾರು ಬೇಕಾದರೂ ನುಗ್ಗಬಹುದೆಂದಲ್ಲ. ಪೂರ್ವ ತಿಮೋರ್ ಕೂಡ ಪೋರ್ಚುಗೀಸರದ್ದೇ. 1975ರಲ್ಲಿ ಅಲ್ಲಿನವರು ಸ್ವಾತಂತ್ರ್ಯ ಘೋಷಿಸಿಕೊಂಡ ಕೆಲವೇ ದಿನಗಳಲ್ಲಿ ಇಂಡೋನೇಷ್ಯಾ ನುಗ್ಗಿದಾಗ, ಹಿಂದೆ ಸರಿಯುವಂತೆ ಭದ್ರತಾ ಮಂಡಳಿ ಒಮ್ಮತದಿಂದ ಹೇಳಿತು.

ಗೋವಾದ ಕಡತ ಮುಚ್ಚಿದ್ದು ಪೋರ್ಚುಗಲ್‌ನ ಸರ್ವಾಧಿಕಾರ ಉರುಳಿದ ಮೇಲೆ. 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಅದು ಭಾರತದ ಸಾರ್ವಭೌಮತ್ವವನ್ನು ಒಪ್ಪಿತು. ಸಹಿ ಬಿದ್ದ ದಿನದಿಂದಲ್ಲ, ಆ ಪ್ರದೇಶಗಳು ನಮ್ಮ ಸಂವಿಧಾನದಡಿ ಭಾರತಕ್ಕೆ ಸೇರಿದ ದಿನದಿಂದಲೇ. ಉಪನ್ಯಾಸಕರೊಂದಿಗೆ ಮುಂದಿನ ಸಲ ಚರ್ಚಿಸುವಾಗ ಈ ಸಾಲನ್ನೂ ಮುಂದಿಡಿ.