ಬಾಹ್ಯಾಕಾಶದ ಸಿನಿಮಾದಲ್ಲಿ ಕಥೆ ತೆಳುವಾಗಿದ್ದರೂ ಮೆಚ್ಚುವ ಜನ, ಹಾರರ್ ರೀಮೇಕ್ ಅಂದರೆ ಯಾಕೆ ಮೂಗು ಮುರಿಯುತ್ತಾರೆ?

ಬಾಹ್ಯಾಕಾಶದ ಸಿನಿಮಾದಲ್ಲಿ ನೋಡುವುದೇ ಅನುಭವ. ಹಾರರ್‌ನಲ್ಲಿ ಭಯ ಹುಟ್ಟುವುದು ಮುಂದೇನು ಅಂತ ಗೊತ್ತಿಲ್ಲದಿರುವುದರಿಂದ, ರೀಮೇಕ್‌ನಲ್ಲಿ ಮೊದಲು ಹೋಗುವುದೇ ಅದು.

2013ರ ‘ಗ್ರಾವಿಟಿ’ಯನ್ನೇ ನೋಡಿ. ಕಥೆ ಒಂದೇ ಸಾಲಿನದು: ನೌಕೆ ನಾಶವಾದ ಮೇಲೆ ಗಗನಯಾತ್ರಿಯೊಬ್ಬಳು ಭೂಮಿಗೆ ವಾಪಸ್ ಬರಬೇಕು. ಆದರೆ ಅವಳು ಹಿಡಿತ ತಪ್ಪಿ ಕತ್ತಲಲ್ಲಿ ಗಿರಗಿರ ತಿರುಗುತ್ತಾ ಹೋಗುವಾಗ, ದೊಡ್ಡ ಪರದೆಯ ಮುಂದೆ ಕೂತಿದ್ದರೆ, ನಿಮ್ಮ ಹೊಟ್ಟೆಯೂ ತೊಳಸುತ್ತದೆ. ಅದನ್ನೇ ಮೊಬೈಲ್‌ನಲ್ಲಿ ನೋಡಿದವರು ‘ಇದರಲ್ಲೇನಿದೆ?’ ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಕಣ್ಣಿನ ಅಂಚಿನವರೆಗೂ ಚಲಿಸುವ ಚಿತ್ರ ತುಂಬಿದಾಗ ಮಿದುಳು ನಾವೇ ಚಲಿಸುತ್ತಿದ್ದೇವೆ ಅಂದುಕೊಳ್ಳುತ್ತದೆ. ಸಣ್ಣ ಪರದೆಯಲ್ಲಿ ಆ ಮೋಸ ಅಷ್ಟಾಗಿ ನಡೆಯುವುದಿಲ್ಲ, ಆಗ ಕಥೆಯೇ ಎಲ್ಲ ಭಾರ ಹೊರಬೇಕು.

ಹಾರರ್‌ಗೆ ಬನ್ನಿ. 1960ರ ಕಪ್ಪುಬಿಳುಪಿನ ‘ಸೈಕೋ’ವನ್ನು 1998ರಲ್ಲಿ ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಹಾಗೇ ಬಣ್ಣದಲ್ಲಿ ತೆಗೆದರು. ಓಡಲಿಲ್ಲ. ಮೂಲದಲ್ಲಿ ನಾಯಕಿ ಅಂದುಕೊಂಡವಳೇ ಅರ್ಧಕ್ಕೂ ಮುಂಚೆ ಸ್ನಾನದ ಮನೆಯಲ್ಲಿ ಕೊಲೆಯಾದಾಗ ಜನ ಬೆಚ್ಚಿಬಿದ್ದಿದ್ದರು. 38 ವರ್ಷ ಆದಮೇಲೆ? ಸ್ನಾನದ ಮನೆಯ ಪರದೆ ಕಂಡ ಕೂಡಲೇ ಮುಂದೇನು ಅಂತ ಎಷ್ಟೋ ಜನಕ್ಕೆ ಗೊತ್ತಿತ್ತು, ಸುಮ್ನೆ ಚಾಕು ಬರೋದನ್ನ ಕಾಯೋದು ಅಷ್ಟೇ. ಇಂಥ ಕಡೆ ಜಾಸ್ತಿ ರಕ್ತ, ಜಾಸ್ತಿ ಗ್ರಾಫಿಕ್ಸ್ ಸುರಿದರೆ ಭಯ ಬರಲ್ಲ, ಅಸಹ್ಯ ಬರುತ್ತದೆ ಅಂತ ನನಗನ್ನಿಸುತ್ತದೆ.

ಎಲ್ಲ ರೀಮೇಕೂ ಹೀಗಲ್ಲ ಬಿಡಿ. 1951ರ ಚಿತ್ರಕ್ಕೆ ಆಧಾರವಾಗಿದ್ದ ಕಥೆಯನ್ನೇ ಮತ್ತೆ ಕೈಗೆತ್ತಿಕೊಂಡ 1982ರ ‘ದಿ ಥಿಂಗ್’ನಲ್ಲಿ ರಾಕ್ಷಸ ಯಾರ ರೂಪದಲ್ಲಿ ಬೇಕಾದರೂ ಇರಬಹುದು. ಹಳೆಯದನ್ನು ನೋಡಿದವರಿಗೂ ಪಕ್ಕದಲ್ಲಿ ಕೂತವನು ಮನುಷ್ಯನೋ ಅಲ್ಲವೋ ಗೊತ್ತಾಗುವುದಿಲ್ಲ.