ಐದಡಿ ನಾಲ್ಕು ಇಂಚಿನ ನನ್ನಂತೆ ಗಿಡ್ಡಗಿರುವವರು ವೃತ್ತಿಪರ ಗಾಲ್ಫ್ ಆಡಬಹುದೇ, ಅದಕ್ಕೆ ಉದ್ದದ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಕೊಳ್ಳಬೇಕೇ?

ನನ್ನ ಎತ್ತರವೂ ನಿಮ್ಮಂತೆಯೇ ಐದಡಿ ನಾಲ್ಕು ಇಂಚು. ನನಗಿಂತ ಅರ್ಧ ಇಂಚಷ್ಟೇ ಎತ್ತರವಿದ್ದ ವೇಲ್ಸ್‌ನ ಇಯಾನ್ ವೂಸ್ನಮ್ 1991ರಲ್ಲಿ ವಿಶ್ವದ ಅಗ್ರ ಶ್ರೇಯಾಂಕಕ್ಕೇರಿ, ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದರೆಂಬುದೇ ನನ್ನ ಧೈರ್ಯವಾಗಿತ್ತು. ಆದರೂ ಅವರ ಆಟವನ್ನು ಸರಿಯಾಗಿ ನೋಡುವುದನ್ನು ಬಿಟ್ಟು, ಉದ್ದನೆಯ ಶಾಫ್ಟಿನ (ಹಿಡಿಯಿಂದ ತಲೆಯವರೆಗಿನ ದಂಡದ) ಡ್ರೈವರ್ ತಂದೆ.

ಶಾಫ್ಟ್ ಉದ್ದವಾದರೆ ಕ್ಲಬ್ಬಿನ ತಲೆ ವೇಗವಾಗಿ ಬರುತ್ತದೆ, ನಿಜ. ಆದರೆ ಗಿಡ್ಡನೆಯವನು ಅದಕ್ಕಾಗಿ ಚೆಂಡಿನಿಂದ ಇನ್ನಷ್ಟು ದೂರ ನಿಲ್ಲಬೇಕು. ದೂರ ನಿಂತಷ್ಟೂ ಸ್ವಿಂಗ್, ಅಂದರೆ ಕ್ಲಬ್ ಬೀಸುವ ದಾರಿ, ಅಡ್ಡವಾಗುತ್ತದೆ. ನನ್ನ ಚೆಂಡು ಎಡಕ್ಕೆ ಬಾಗಿ ಹುಕ್ ಆಗತೊಡಗಿತು. ಅದನ್ನು ತಡೆಯಲು ಮಣಿಕಟ್ಟು ಬಿಗಿಹಿಡಿದೆ, ಚೆಂಡು ಬಲಕ್ಕೆ ಹೋಯಿತು. ಆ ಬಿಗಿತ ಐರನ್‌ಗಳಿಗೂ (ಡ್ರೈವರ್‌ಗಿಂತ ಕಡಿಮೆ ದೂರಕ್ಕೆ ಬಳಸುವ ಲೋಹದ ತಲೆಯ ಕ್ಲಬ್‌ಗಳಿಗೂ) ಅಂಟಿಕೊಂಡು, ಕುಳಿಯ ಸುತ್ತಲಿನ ಹಸಿರಿಗೆ (ಗ್ರೀನ್‌ಗೆ) ನೇರವಾಗಿ ಹೊಡೆಯುತ್ತಿದ್ದ ಏಳನೇ ಐರನ್ ಕೂಡ ಕೈಕೊಟ್ಟಿತು. ಅಭ್ಯಾಸದ ರೇಂಜಿನಲ್ಲಿ ಹತ್ತರಲ್ಲೊಂದು ಹೊಡೆತ ಅದ್ಭುತವಾಗಿ ಹೋಗುತ್ತಿದ್ದುದರಿಂದ ಅದನ್ನೇ ನಂಬಿದೆ. ಅರ್ಹತಾ ಸುತ್ತು ಕೈತಪ್ಪಿತು.

ವೂಸ್ನಮ್ ವೇಲ್ಸ್-ಇಂಗ್ಲೆಂಡ್ ಗಡಿಭಾಗದ ಹೊಲಮನೆಯಲ್ಲಿ ದುಡಿದು ಬೆಳೆದವರು. ಮುಂಗೈ, ಭುಜಗಳ ಬಲ ಅಲ್ಲಿಯದು. ಅನಗತ್ಯ ಚಲನೆಯೇ ಇಲ್ಲದ ಆ ಅಡಕವಾದ ಸ್ವಿಂಗಿನಿಂದ ಎತ್ತರದವರನ್ನೂ ಮೀರಿಸುವ ದೂರಕ್ಕೆ ಹೊಡೆಯುತ್ತಿದ್ದರು. ಆಡಿ ಬೆಳೆದ ಲಾನಿಮನೆಕ್ ಕ್ಲಬ್ಬಿನಲ್ಲಿ ನಾಲ್ಕನೇ ಹೋಲ್‌ಗೆ (ಕುಳಿಗೆ) ವೇಲ್ಸ್‌ನಿಂದ ಹೊಡೆದು ಇಂಗ್ಲೆಂಡಿನಲ್ಲಿ ಪಟ್ ಮಾಡಬೇಕು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸಬೇಕು! 1976ರಲ್ಲಿ ವೃತ್ತಿಪರರಾದ ಮೇಲೆ ಟೂರಿನಲ್ಲಿ (ಊರೂರಲ್ಲಿ ನಡೆಯುವ ಟೂರ್ನಿಗಳ ಸರಣಿಯಲ್ಲಿ) ವ್ಯಾನಿನಲ್ಲೇ ಮಲಗುತ್ತ ಅಲೆದರು. ಯುರೋಪಿಯನ್ ಟೂರಿನ ಮೊದಲ ಗೆಲುವು, ಸ್ವಿಸ್ ಓಪನ್, ಬಂದದ್ದು 1982ರಲ್ಲಿ. ನೀವು ಕೇಳಬೇಕಾದದ್ದು ಎತ್ತರವನ್ನಲ್ಲ, ಆ ಆರು ವರ್ಷಗಳ ಖರ್ಚನ್ನು.

ಎರಡನೇ ಡ್ರೈವರ್ ವೂಸ್ನಮ್‌ರನ್ನೂ ಕಾಡಿದೆ. 2001ರ ಓಪನ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ, ಇಂಗ್ಲೆಂಡಿನ ರಾಯಲ್ ಲಿಥಮ್ ಮೈದಾನದಲ್ಲಿ, ಅಭ್ಯಾಸಕ್ಕೆ ಒಯ್ದ ಹೆಚ್ಚುವರಿ ಡ್ರೈವರ್ ಚೀಲದಲ್ಲೇ ಉಳಿದಿತ್ತು. ನಿಯಮದಂತೆ ಹೆಚ್ಚೆಂದರೆ 14 ಕ್ಲಬ್ ಇರಬೇಕಾದಲ್ಲಿ 15. ಮೊದಲ ಹೋಲ್‌ನಲ್ಲಿ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಹೊಡೆದು ಎರಡನೇ ಹೋಲ್ ಆರಂಭಿಸುವ ಟೀಗೆ ಬಂದಾಗ, ಚೀಲ ಹೊರುವ ಕ್ಯಾಡಿ ವಿಷಯ ತಿಳಿಸಿದ. ಎರಡು ಹೊಡೆತಗಳ ದಂಡ ಬಿತ್ತು. ಕೊನೆಗೆ ಗೆದ್ದ ಡೇವಿಡ್ ಡುವಾಲ್‌ಗಿಂತ ನಾಲ್ಕು ಹೊಡೆತ ಹಿಂದೆ, ಜಂಟಿ ಮೂರನೆಯವರಾದರು. ಲೆಕ್ಕ ಹಾಕಿದರೆ ದಂಡವಿಲ್ಲದಿದ್ದರೂ ಎರಡನೇ ಸ್ಥಾನವೇ, ಆದರೆ ಆ ಕ್ಷಣ ಮನಸ್ಸಿಗೆ ಬಿದ್ದ ಪೆಟ್ಟನ್ನು ಯಾವ ಲೆಕ್ಕಕ್ಕೆ ಹಿಡಿಯುವುದು?

ಆದ್ದರಿಂದ ಉದ್ದದ ಡ್ರೈವರ್ ಕೊಳ್ಳಬೇಡಿ. ನಿಮ್ಮ ಮೈಗೆ ಹೊಂದುವ ಅಳತೆಯ ಕ್ಲಬ್ ಮಾಡಿಸಿ, ಉಳಿದ ಹಣವನ್ನು ಪ್ರಯಾಣಕ್ಕೂ ಪ್ರವೇಶ ಶುಲ್ಕಕ್ಕೂ ಎತ್ತಿಡಿ.