ಪೆನ್ನಿನ ಪೌಚಿನಲ್ಲಿದ್ದ ಗುಳಿಗೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆ ತಾಯಿ ಸ್ಟೀಲ್ ಬಾಟ್ಲಿ ಹಿಡಿದುಕೊಂಡೇ ಒಳಗೆ ಬಂದರು. ಮುಚ್ಚಳ ತೆಗೆದರೆ ಶುಂಠಿ, ಅಜವಾನ, ಬೆಲ್ಲದ ಘಮ. "ನೋಡ್ರಿ ಮೇಡಂ, ಮುಟ್ಟಿನ ನೋವಿಗಂತ ಕಷಾಯ ಇಷ್ಟು ಮಾಡಿಕೊಟ್ರೂ ಕುಡಿಯೂದಿಲ್ಲ. ತಿಂಗಳಾ ಮೂರು ದಿನ ಕಾಲೇಜು ಬಿಡ್ತಾಳ" ಎಂದರು. ಪಕ್ಕದಲ್ಲಿ 19ರ ಮಗಳು ತಲೆ ತಗ್ಗಿಸಿ ಕೂತಿದ್ದಳು. ವಿಜಯಪುರ ಕಡೆಯವರು. ಅಪ್ಪನಿಗೆ ಭೋಸರಿಯಲ್ಲಿ ಕಾರ್ಖಾನೆ ಕೆಲಸ, ಪುಣೆಗೆ ಬಂದು 20 ವರ್ಷ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯ ಜೊತೆ ಮಾತಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪೆನ್ನಿನ ಪೌಚ್ ಬಿಚ್ಚಿದಳು. ಪೆನ್ನುಗಳ ನಡುವೆ ನೋವಿನ ಗುಳಿಗೆಯ ಒಂದು ಪಟ್ಟಿ, ಹತ್ತರಲ್ಲಿ ಆರು ಖಾಲಿ. "ಬಸ್ಸಿನಾಗ ನುಂಗ್ತೀನ್ರಿ. ಅವ್ವಗ ಗೊತ್ತಿಲ್ಲ. ಗುಳಿಗಿ ತಗೊಂಡ್ರ ಮುಂದ ಮಕ್ಕಳಾಗೂದಿಲ್ಲ ಅಂತಾಳ." ಆ ದಿನಗಳಲ್ಲಿ ಬೆಳಿಗ್ಗೆ ಏನೂ ತಿನ್ನುವುದಿಲ್ಲ, ಖಾಲಿ ಹೊಟ್ಟೆಗೇ ಗುಳಿಗೆ. ಮಧ್ಯಾಹ್ನದ ಹೊತ್ತಿಗೆ ಎದೆ ಉರಿ. ಅದರ ಮೇಲೆ ಖಾರದ ಕಷಾಯ ಹೇಗೆ ಹೋದೀತು?

ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೆ. ಗುಳಿಗೆಯ ಮಾತು ಹುಡುಗಿಯೇ ಹೇಳಿದಳು, ನಾನು ಹೇಳಲಿಲ್ಲ. ತಾಯಿಯ ಕಣ್ಣು ತುಂಬಿತು.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಜಾಸ್ತಿಯಾಗುತ್ತದೆ. ಗರ್ಭಕೋಶ ಬಿಗಿಯಾಗಿ ಹಿಂಡುವುದು ಅದರಿಂದಲೇ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್‌ನಂಥ ಗುಳಿಗೆ ಅದನ್ನು ತಗ್ಗಿಸುತ್ತವೆ. ಶುಂಠಿಯೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ ಎನ್ನುತ್ತಾರೆ. "ಅವ್ವಾರ, ನಿಮ್ಮ ಕಷಾಯಕ್ಕೂ ಆಕಿ ಗುಳಿಗಿಗೂ ಜಗಳ ಇಲ್ರಿ. ತಿಂಗಳಿಗೆ ಎರಡು ದಿನ ಗುಳಿಗಿ ತಗೊಂಡ್ರ ಬಂಜೆತನ ಬರೂದಿಲ್ಲ" ಎಂದೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಊಟ ಆದಮೇಲೆ, ನೋವು ಶುರುವಾಗುತ್ತಿದ್ದಂತೆಯೇ ತಗೊಳ್ಳಬೇಕು ಅಷ್ಟೇ. ಅಸ್ತಮಾ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಕೇಳದೆ ತಗೊಳ್ಳಬಾರದು.

ಕಷಾಯ ಬಿಡಿಸಲಿಲ್ಲ, ಹದ ಬದಲಿಸಿದೆವು. ಅರ್ಧ ಚಿಕ್ಕ ಚಮಚ ಒಣಶುಂಠಿ ಪುಡಿ ಅಂದರೆ ಸುಮಾರು 1 ಗ್ರಾಮ್. ಅಧ್ಯಯನಗಳಲ್ಲಿ ದಿನಕ್ಕೆ ಮುಕ್ಕಾಲರಿಂದ 2 ಗ್ರಾಮ್‌ವರೆಗೆ, ಮೊದಲ ಮೂರು-ನಾಲ್ಕು ದಿನ ಕೊಟ್ಟು ನೋಡಿದ್ದಾರೆ. ಹಾಗಾಗಿ ದಿನಕ್ಕೆ ಎರಡು ಸಲ, ತಿಂದಮೇಲೆ, ಖಾರ ಕಡಿಮೆ. ರಕ್ತ ತೆಳುವಾಗುವ ಔಷಧ ತಗೊಳ್ಳುವವರಿಗೆ ಇದು ಬೇಡ. ಹೊಟ್ಟೆಗೆ ಬಿಸಿ ನೀರಿನ ಚೀಲ, ಬಟ್ಟೆ ಸುತ್ತಿ. ನನ್ನ ಮಟ್ಟಿಗೆ ಇದರಷ್ಟು ಸುಲಭದ ಮದ್ದು ಇನ್ನೊಂದಿಲ್ಲ.

ಬೆಳಿಗ್ಗೆ ಅರ್ಧ ರೊಟ್ಟಿಯಾದರೂ, ಅಗಸಿ ಚಟ್ನಿ, ಮೊಸರಿನ ಜೊತೆ. ಮೊಸರು ಬಂದ್ ಮಾಡಿದ್ದರು, ಅದಕ್ಕೆ ಕಾರಣವೇ ಇಲ್ಲ. ಹುಡುಗಿಯ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಚಿಕೊಂಡಿತ್ತು, ಅದಕ್ಕೇ ಹಿಮೋಗ್ಲೋಬಿನ್ ನೋಡಿಸಲು ಹೇಳಿದೆ. ಮೆಂತ್ಯ ಪಲ್ಲೆ, ಮಡಕಿ ಕಾಳಿನ ಮೇಲೆ ಲಿಂಬಿ ಹಿಂಡಿ ತಿನ್ನಲಿ. ಊಟದ ಜೊತೆ ಚಹಾ ಬೇಡ, ಕಬ್ಬಿಣದ ಅಂಶವನ್ನು ದೇಹ ಪೂರ್ತಿ ಹೀರಿಕೊಳ್ಳಲು ಅದು ಬಿಡುವುದಿಲ್ಲ.

ಹೊರಡುವಾಗ ಹುಡುಗಿ ಮೆಲ್ಲಗೆ ಅಂದಳು, ಆ ದಿನಗಳಲ್ಲಿ ಸಂಡಾಸಿಗೆ ಹೋದರೂ ಜೀವ ಹೋಗುವಷ್ಟು ನೋವು ಅಂತ, ಈ ವರ್ಷ ಹೆಚ್ಚಾಗುತ್ತಲೇ ಇದೆ ಅಂತ. ಅದನ್ನು ಕೇಳಿ ಸುಮ್ನೆ ಕಳಿಸಲಾಗಲಿಲ್ಲ. ಇದು ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ. ಕಷಾಯದಿಂದ ಹೋಗುವಂಥದ್ದಲ್ಲ. ಅವತ್ತೇ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ತಲೆಸುತ್ತಿ ಬಿದ್ದರೆ, ಜ್ವರ ಬಂದರೆ ಕಾಯಬೇಡಿ ಎಂದೂ ತಾಯಿಗೆ ಹೇಳಿದೆ.

ಮೂರು ತಿಂಗಳ ಮೇಲೆ ಬಂದರು. ಸ್ಕ್ಯಾನಿನಲ್ಲಿ ಏನೂ ಕಾಣಿಸಿಲ್ಲ. ಆದರೂ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು ಅಂತ ಡಾಕ್ಟರು ಚಿಕಿತ್ಸೆ ಮುಂದುವರಿಸಿದ್ದಾರೆ. ರಕ್ತ ಕಡಿಮೆ ಇತ್ತು, ಕಬ್ಬಿಣದ ಗುಳಿಗೆ ನಡೆದಿದೆ. ಕಾಲೇಜು ಈಗ ತಿಂಗಳಿಗೆ ಒಂದೇ ದಿನ ತಪ್ಪುತ್ತದೆ. ತಾಯಿ ಫೋನಿನಲ್ಲಿ ಅಡುಗೆಮನೆಯ ಕ್ಯಾಲೆಂಡರಿನ ಫೋಟೋ ತೋರಿಸಿದರು. ಮಗಳ ನೋವಿನ ದಿನಗಳಿಗೆ ಕೆಂಪು ಪೆನ್ನಿನ ಗೆರೆ. ಪಕ್ಕದಲ್ಲಿ ಗುಳಿಗೆ ಎಷ್ಟೊತ್ತಿಗೆ ಕೊಟ್ಟರು ಅಂತ ಅವರದೇ ಅಕ್ಷರದಲ್ಲಿ ಬರೆದಿತ್ತು.